ಪುಟ್ಟಕ್ಕನಿಗೂ ಮೊದಲು ಸಾಕವ್ವ ಇದ್ದಳು

ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಹಂಚಿಹೋಗಿರುವ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ತಮ್ಮ ಒಂದು ಪೋಸ್ಟರ್ ಕಳುಹಿಸಿದ್ದ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಉಮಾಶ್ರೀ ಅವರ ಮುಖ, ಅದರ ಕೆಳಗೆ ಅವರ ವೃತ್ತಿಜೀವನದ ಕಿರುಪರಿಚಯ. ಹಾಸ್ಯನಟಿಯಾಗಿ ಬಂದರು, ರಾಷ್ಟ್ರಪ್ರಶಸ್ತಿ ಪಡೆದರು, ಸಚಿವೆಯಾದರು, ಕೊನೆಗೆ ಕಿರುತೆರೆಯೇ ಅವರೊಳಗಿನ ಕಲಾವಿದೆಯನ್ನು ನಾಡಿಗೆ ತೋರಿಸಿಕೊಟ್ಟಿತು ಎಂಬುದು ಅದರ ಸಾರಾಂಶ. ರಂಗಭೂಮಿಯ ಹೆಸರೇ ಇರಲಿಲ್ಲ. ಆ ಪೋಸ್ಟರ್ ಮೇಲೆ ನಡೆದ ವಾದವನ್ನು, ನಡುವೆ ಬಂದ ಹಬ್ಬದ ಶುಭಾಶಯ ಮತ್ತು ಮದುವೆಯ ಮಾತುಗಳನ್ನು ಬಿಟ್ಟು, ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ.

ದೊಡ್ಡಪ್ಪ (ಕಲಬುರಗಿ): ಈ ಪರಿಚಯ ಬರೆದವರು ಯಾರೆಂದು ನನಗೆ ತಿಳಿಯದು, ಆದರೆ ನಮ್ಮ ಮನೆಯ ಹುಡುಗ ಇದನ್ನು ಹಾಗೆಯೇ ಮುಂದಕ್ಕೆ ಕಳುಹಿಸಿದ್ದು ನನಗೆ ನೋವಾಗಿದೆ. ಉಮಾಶ್ರೀ ರಂಗಭೂಮಿಯಲ್ಲಿ ಬೆಳೆದ ನಟಿ. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ, ಅಂದರೆ ನಾಟಕದವರೆಲ್ಲ ಸಿಜಿಕೆ ಎಂದೇ ಕರೆಯುತ್ತಿದ್ದವರು, ರಂಗಕ್ಕೆ ತಂದಾಗ ಸಾಕವ್ವನಾಗಿ ನಿಂತವರು ಇವರೇ. ನೌಕರಿಯ ತರಬೇತಿಗೆಂದು ಬೆಂಗಳೂರಿನಲ್ಲಿದ್ದಾಗ ಆ ನಾಟಕವನ್ನು ನಾನು ನೋಡಿದ್ದೇನೆ. ಕಳೆದುಹೋದ ಹುಂಜವನ್ನು ಹುಡುಕುತ್ತಾ ಕೇರಿಯನ್ನೆಲ್ಲ ಜಾಲಾಡುವ ಆ ಮುದುಕಿ ಬೈಯುವಾಗ ಮೊದಮೊದಲು ಸಭೆ ನಗುತ್ತಿತ್ತು. ಬೈಗುಳ ಮುಂದುವರಿದಂತೆ ಆ ಹುಂಜದ ಹೊರತು ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ ಎಂಬುದು ಒಬ್ಬೊಬ್ಬರಿಗೇ ಹೊಳೆದು ನಗು ತಾನಾಗಿ ನಿಂತಿತು. ಮುಪ್ಪು ಇನ್ನೂ ಬಹಳ ದೂರವಿದ್ದ ವಯಸ್ಸಿನಲ್ಲಿ ಆಕೆ ಆ ಪಾತ್ರ ಮಾಡಿದ್ದರು. ಕಿರುತೆರೆ ತೋರಿಸಿಕೊಟ್ಟಿತಂತೆ! ತೋರಿಸಲು ಏನು ಬಾಕಿ ಉಳಿದಿತ್ತು?

ತಮ್ಮ: ದೊಡ್ಡಪ್ಪ, ನಿಮ್ಮ ಮಾತನ್ನು ನಾನು ನಂಬುತ್ತೇನೆ. ಆದರೆ ನನ್ನ ವಯಸ್ಸಿನವರು ಆ ನಾಟಕವನ್ನು ಎಲ್ಲಿ ನೋಡಬೇಕು? ಧಾರಾವಾಹಿಯ ಕಂತುಗಳು ಫೋನಿನಲ್ಲಿವೆ, ಸಿನಿಮಾ ತುಣುಕುಗಳೂ ಇವೆ. ನೀವು ಅಂದು ಕಂಡ ಸಾಕವ್ವ ನಮಗೆ ಸಿಗುವುದು ನಿಮ್ಮ ಮಾತಿನಲ್ಲಿ ಮಾತ್ರ.

ಬೀದರ್ ಅತ್ತೆ: ಅಣ್ಣ, ನೀನು ಬೇಸರ ಮಾಡಿಕೊಳ್ಳಬೇಡ, ಆದರೆ ನಿನ್ನ ಮಾತಿನಲ್ಲಿ ನನಗೊಂದು ಅನ್ಯಾಯ ಕಾಣುತ್ತದೆ. ‘ಒಡಲಾಳ’ ನೋಡಲು ಬೆಂಗಳೂರಿನಲ್ಲಿರಬೇಕಾಗಿತ್ತು, ಗಂಡಸಾಗಿರಬೇಕಾಗಿತ್ತು, ರಾತ್ರಿ ಹೊರಗೆ ಹೋಗಿ ಬಂದರೂ ಯಾರೂ ಕೇಳದಂತಿರಬೇಕಾಗಿತ್ತು. ಬೆಂಗಳೂರಿನ ಮಾತು ಬಿಡು, ಶರಣಬಸವೇಶ್ವರ ಜಾತ್ರೆಗೆ ಕಂಪನಿ ನಾಟಕಗಳು ಬಂದು ಟೆಂಟು ಹಾಕುತ್ತಿದ್ದಾಗಲೂ ನೀವು ಗಂಡಸರು ಹೋಗಿ ನೋಡಿ ಬರುತ್ತಿದ್ದಿರಿ, ನಾವು ಹೆಣ್ಣುಮಕ್ಕಳು ಮರುದಿನ ರೊಟ್ಟಿ ಬಡಿಯುತ್ತಾ ನಿಮ್ಮ ಬಾಯಿಂದ ಕತೆ ಕೇಳುತ್ತಿದ್ದೆವು. ನನ್ನ ಪಾಲಿಗೆ ಒಬ್ಬ ದೊಡ್ಡ ನಟಿ ನೇರವಾಗಿ ಬಂದದ್ದು ಟಿವಿಯಲ್ಲಿಯೇ. ಪುಟ್ಟಕ್ಕ ಯಾರು? ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ದಡ ಸೇರಿಸಲು ಹೆಣಗುವ ಹೆಂಗಸು. ಅಂಥವರು ನಮ್ಮ ಓಣಿಯಲ್ಲಿಯೇ ಇದ್ದಾರೆ. ಮನೆಯಲ್ಲಿ ಮರಾಠಿ ಮಾತನಾಡುವ ನೆರೆಯವರೂ ಸಂಜೆ ನಮ್ಮಲ್ಲಿ ಬಂದು ಕೂರುತ್ತಿದ್ದರು. ನನಗೆ ಕಾಣಿಸಿದ್ದನ್ನು ಕಾಣಿಸಿತು ಎಂದರೆ ಅದರಲ್ಲಿ ತಪ್ಪೇನು?

ದೊಡ್ಡಪ್ಪ: ನಿನಗೆ ಕಾಣಿಸಿದ್ದನ್ನು ನಾನು ಅಲ್ಲಗಳೆಯುತ್ತಿಲ್ಲ ತಂಗಿ. ಅದಕ್ಕೆ ಮೊದಲು ಇದ್ದದ್ದನ್ನು ಅಳಿಸಬಾರದು ಎನ್ನುತ್ತಿದ್ದೇನೆ.

ಯಾದಗಿರಿ ಮಾಮಾ: ಭಾವನವರೆ, ಟಿವಿಯ ಬಗ್ಗೆ ಕೀಳಾಗಿ ಮಾತನಾಡುವ ಹಕ್ಕು ನಮ್ಮ ಕಡೆಯವರಿಗಂತೂ ಇಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ನೆರವಿನಿಂದ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ಪ್ರಸಾರ ಮಾಡಿದಾಗ, ಕರ್ನಾಟಕದಿಂದ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಯಾದಗಿರಿ ಆಗ ಗುಲ್ಬರ್ಗ ಜಿಲ್ಲೆಯಲ್ಲೇ ಇತ್ತು. ತಂತಿ ಜಾಲರಿಯ ದೊಡ್ಡ ಕೊಡೆಯಂಥ ಆಂಟೆನಾ, ಊರಿಗೊಂದು ಟಿವಿ, ಅದರ ಮುಂದೆ ನೆಲದ ಮೇಲೆ ಹೆಂಗಸರು ಮಕ್ಕಳೆಲ್ಲ ಕುಳಿತು ಬೇಸಾಯ, ಆರೋಗ್ಯದ ಮಾತು ಕೇಳುತ್ತಿದ್ದರು. ಕರ್ನಾಟಕದಲ್ಲಿ ಹೆಂಗಸರು ಬಯಲಿನಲ್ಲಿ ಕುಳಿತು ಟಿವಿ ನೋಡಿದ್ದು ನಮ್ಮ ಭಾಗದಲ್ಲಿಯೇ ಮೊದಲು. ಆದರೆ ನನ್ನ ತಕರಾರು ಬೇರೆಯದು. ಆ ಪೋಸ್ಟರ್ ಹಾಸ್ಯನಟಿ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ ಕಾಲವಿದೆಯಲ್ಲ, ಅದನ್ನು ಬರೆಯದಿದ್ದರೇ ಒಳ್ಳೆಯದಿತ್ತು. ಎಂಬತ್ತು ತೊಂಬತ್ತರ ದಶಕದ ಎಷ್ಟೋ ಸಿನಿಮಾಗಳಲ್ಲಿ ಆಕೆಗೆ ಕೊಟ್ಟ ದ್ವಂದ್ವಾರ್ಥದ ಮಾತುಗಳನ್ನು ಮನೆಮಂದಿಯೊಂದಿಗೆ ಕೂತು ಕೇಳಲಾಗುತ್ತಿರಲಿಲ್ಲ. ಇಷ್ಟು ದೊಡ್ಡ ಕಲಾವಿದೆಯ ಗೌರವಕ್ಕೆ ಅದು ಶೋಭೆಯಲ್ಲ.

ಬೀದರ್ ಅತ್ತೆ: ಭಾವನವರೆ, ಅದೇ ಸಿನಿಮಾಗಳಲ್ಲಿ ಆಕೆಯ ಎದುರು ನಿಂತು ಅದೇ ಮಾತುಗಳನ್ನು ಆಡಿದ ಗಂಡು ಹಾಸ್ಯನಟರ ಬಗ್ಗೆ ಈ ಮಾತನ್ನು ನೀವು ಯಾವತ್ತಾದರೂ ಹೇಳಿದ್ದೀರಾ?

ಯಾದಗಿರಿ ಮಾಮಾ: ಇಲ್ಲ. ಆದರೆ ಅವರಲ್ಲಿ ಸಾಕವ್ವನಂಥ ಪಾತ್ರ ಮಾಡಿದವರನ್ನೂ ನಾನು ಕಂಡಿಲ್ಲ. ದೊಡ್ಡವರನ್ನು ದೊಡ್ಡ ಅಳತೆಯಿಂದಲೇ ಅಳೆಯುತ್ತೇವೆ.

ನಾನು (ಕಲಬುರಗಿ): ಮಾಮಾ, ಇಲ್ಲಿ ನಾನು ನಿಮ್ಮ ಮಾತನ್ನು ಒಪ್ಪಲಾರೆ, ಮತ್ತು ಏಕೆಂಬುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಬಂದ ಮೇಲೆ ಚಿತ್ರರಂಗ ಆಕೆಯನ್ನು ಒಂದು ಬಗೆಯ ಪಾತ್ರಕ್ಕೆ ಗೊತ್ತು ಮಾಡಿಬಿಟ್ಟಿತು. ಆ ಮಾತುಗಳನ್ನು ಬರೆದವರು ಬೇರೆ, ಬರೆಸಿದವರು ಬೇರೆ, ಟಿಕೆಟ್ ಕೊಂಡು ನಕ್ಕವರು ನಾವು. ಪಾಲಿಗೆ ಬಂದ ಪಾತ್ರದಲ್ಲಿ ಆಕೆ ತೋರಿದ ಕಸುಬನ್ನು ಮಾತ್ರ ಆಕೆಯ ಲೆಕ್ಕಕ್ಕೆ ಬರೆಯಬೇಕು. ಮಾತು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಎದುರಿನವನ ಮಾತು ಮುಗಿಯುವ ಮೊದಲೇ ಮುಖದಲ್ಲಿ ಏನು ಮೂಡಬೇಕು ಎಂಬುದು ಸಭೆಯ ಎದುರು ನಿಂತು ಕಲಿತ ವಿದ್ಯೆ. ದೊಡ್ಡಪ್ಪ ಹೇಳಿದ ಆ ಬೈಗುಳದ ದೃಶ್ಯವನ್ನೇ ನೋಡಿ: ನಗಿಸಲು ಬಾರದವರು ಅಲ್ಲಿ ನಗುವನ್ನು ನಿಲ್ಲಿಸಲೂ ಆರರು. ಸಾಕವ್ವನನ್ನು ಮೆಚ್ಚಿ ಹಾಸ್ಯದ ಪಾತ್ರಗಳನ್ನು ಮುಚ್ಚಿಟ್ಟರೆ ನಾವು ಅರ್ಧ ನಟಿಯನ್ನು ಮಾತ್ರ ಗೌರವಿಸಿದಂತಾಗುತ್ತದೆ. ಇನ್ನೊಂದು ಮಾತು. ಬಿ. ಜಯಶ್ರೀ ಅವರೂ ರಂಗಭೂಮಿಯ ದೊಡ್ಡ ಹೆಸರೇ. ಗುಬ್ಬಿ ವೀರಣ್ಣನವರ ಮೊಮ್ಮಗಳು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ಉಮಾಶ್ರೀ ಅವರ ಬೆನ್ನಿಗೆ ಅಂಥ ಮನೆತನವಾಗಲಿ ಶಾಲೆಯಾಗಲಿ ಇರಲಿಲ್ಲ. ಅಂಥವರಿಗೆ ಪಾತ್ರವನ್ನು ಆರಿಸಿಕೊಳ್ಳುವ ಅನುಕೂಲ ಎಷ್ಟಿರುತ್ತದೆ ಎಂಬುದನ್ನು ಮರೆತು ನಾವು ತೀರ್ಪು ಕೊಡಬಾರದು.

ದೊಡ್ಡಪ್ಪ: ಸರಿಯಾಗಿ ಹೇಳಿದೆ ತಾಯಿ.

ತಮ್ಮ: ಅಕ್ಕ, ಹಾಗಾದರೆ ರಾಷ್ಟ್ರಪ್ರಶಸ್ತಿ ಬಂದ ಸಿನಿಮಾ? ಅದನ್ನು ನೋಡಿದವರು ಈ ಗುಂಪಿನಲ್ಲಿ ಯಾರಿದ್ದೀರಿ?

ನಾನು: ನಾನು ನೋಡಿದ್ದೇನೆ. ಅತ್ತೆ, ನೀವು ನೋಡಲೇಬೇಕು, ಏಕೆಂದರೆ ನಿಮ್ಮ ವಾದವೇ ಆ ಸಿನಿಮಾದ ಒಳಗಿದೆ. ವೈದೇಹಿ ಅವರ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸು’ 2008ರದು. ಉಮಾಶ್ರೀ ಅದರಲ್ಲಿ ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿ. ಕುಂದಾಪುರ ಕಡೆಯ ಕಡಲ ದಂಡೆಯ ಮೀನುಗಾರರ ನಡುವೆ ಒಂಟಿಯಾಗಿ ಬದುಕುವವಳು, ಸಿನಿಮಾದ ಹುಚ್ಚಿನವಳು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಅವಳ ಗುಡಿಸಲಿಗೆ ಟಿವಿಯೂ ಡಿಶ್ ಆಂಟೆನಾವೂ ಬರುತ್ತವೆ. ಅಲ್ಲಿಯವರೆಗೆ ಅವಳ ಹೊಸ್ತಿಲು ತುಳಿಯದಿದ್ದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಕೂರುತ್ತಾರೆ, ಕೆಲವರು ಹೊರಗೇ ನಿಂತು ಇಣುಕುತ್ತಾರೆ. ಮೂಲ ಕತೆಯಲ್ಲಿ ಇದ್ದದ್ದು ಊರಿಗೆ ಬಂದ ಸಿನಿಮಾ ಟಾಕೀಸು. ಕಾಸರವಳ್ಳಿ ಅದನ್ನು ಟಿವಿಯಾಗಿ ಬದಲಿಸಿದರು, ಕಾಲವನ್ನು ಕಾರ್ಗಿಲ್ ಯುದ್ಧದ ಹೊತ್ತಿಗೆ ತಂದರು. ಮಾಮಾ ಹೇಳಿದ ನಮ್ಮ ಹಳ್ಳಿಗಳ ಟಿವಿಯ ಮುಂದಿನ ಗುಂಪನ್ನು ಓದುವಾಗ ನನಗೆ ಗುಲಾಬಿಯ ಗುಡಿಸಲೇ ನೆನಪಾಯಿತು. ಆ ಪಾತ್ರದಲ್ಲಿ ಉಮಾಶ್ರೀ ಹೆಚ್ಚು ಮಾತನಾಡುವುದಿಲ್ಲ. ಪರದೆಯ ಬೆಳಕು ಮುಖದ ಮೇಲೆ ಬಿದ್ದಾಗ ಅವರ ಕಣ್ಣಿನಲ್ಲಿ ಕಾಣುವ ಆಸೆ, ಮನೆ ತುಂಬಿತಲ್ಲ ಎಂಬ ಸಂತೋಷ, ಇವರು ಬಂದಿರುವುದು ನನಗಾಗಿ ಅಲ್ಲ ಎಂಬ ಅರಿವು, ಮೂರೂ ಒಟ್ಟಿಗೆ ಇರುತ್ತವೆ. ಅತ್ಯುತ್ತಮ ನಟಿ ಎಂದು ರಾಷ್ಟ್ರಪ್ರಶಸ್ತಿ ಕೊಟ್ಟದ್ದು ಈ ಪಾತ್ರಕ್ಕೆ.

ಬೀದರ್ ಅತ್ತೆ: ಇವತ್ತೇ ಹುಡುಕಿ ನೋಡುತ್ತೇನೆ. ಆದರೆ ನೀನು ಇಷ್ಟು ಹೇಳಿಯೂ ಧಾರಾವಾಹಿಯನ್ನು ಎಲ್ಲಿ ಇಡುತ್ತೀ ಎಂಬುದನ್ನು ಹೇಳಲಿಲ್ಲ.

ನಾನು: ಹೇಳುತ್ತೇನೆ ಅತ್ತೆ. ನಾಟಕದಲ್ಲಿ ಸಾಕವ್ವನ ನಿಟ್ಟುಸಿರು ಕೊನೆಯ ಸಾಲಿನವರೆಗೂ ಮುಟ್ಟಬೇಕು. ಆದ್ದರಿಂದ ಬೆನ್ನು, ಕೈ, ನಡಿಗೆ ಎಲ್ಲವೂ ಆ ನಿಟ್ಟುಸಿರಿನಲ್ಲಿ ಸೇರಿಕೊಳ್ಳುತ್ತವೆ. ಒಮ್ಮೆ ಪ್ರವೇಶಿಸಿದರೆ ಮುಗಿಯುವವರೆಗೆ ಪಾತ್ರ ಒಂದೇ ಏರಿನಲ್ಲಿ ಸಾಗುತ್ತದೆ. ಧಾರಾವಾಹಿಯಲ್ಲಿ ಕ್ಯಾಮೆರಾ ಮುಖದ ಬಳಿಗೇ ಬರುತ್ತದೆ, ದೃಶ್ಯಗಳನ್ನು ಕತೆಯ ಕ್ರಮದಲ್ಲಿ ಚಿತ್ರಿಸುವುದಿಲ್ಲ, ಮುಂದಿನ ತಿಂಗಳು ಪಾತ್ರಕ್ಕೆ ಏನಾಗುತ್ತದೆ ಎಂಬುದು ನಟರಿಗೂ ಪೂರ್ತಿ ತಿಳಿದಿರುವುದಿಲ್ಲ. 2021ರ ಡಿಸೆಂಬರಿನಲ್ಲಿ ಶುರುವಾದ ಆ ಧಾರಾವಾಹಿಯಲ್ಲಿ ವರ್ಷಗಟ್ಟಲೆ ಅದೇ ಅಳು, ಅದೇ ಸಂಕಟ ಮರಳಿ ಮರಳಿ ಬಂದರೂ ಪುಟ್ಟಕ್ಕ ಸವಕಲಾಗದಂತೆ ಕಾಪಾಡಿಕೊಂಡದ್ದು ಸಣ್ಣ ಕೆಲಸವಲ್ಲ. ಕೈ ಒಲೆಯ ಮುಂದೆ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ದುಃಖ ಧ್ವನಿಯಲ್ಲಿ ಮಾತ್ರ ಬರುತ್ತದೆ. ನೀವು ಪುಟ್ಟಕ್ಕನನ್ನು ನಂಬಿದ್ದು ಆ ಕೈಗಳಿಂದ. ದುಡಿಯುವ ಹೆಂಗಸಿನ ಮೈಯನ್ನು ಹಾಗೆ ತರುವುದನ್ನು ಆಕೆ ಸಾಕವ್ವನಲ್ಲಿ ಎಂದೋ ಮಾಡಿದ್ದರು. ಹೀಗಾಗಿ ಧಾರಾವಾಹಿಯನ್ನು ನಾನು ಕೆಳಗೂ ಇಡುವುದಿಲ್ಲ, ಶಿಖರ ಎಂದೂ ಕರೆಯುವುದಿಲ್ಲ. ಚಾಮರಾಜನಗರ ಕಡೆಯ ಮಾತಿನ ಸಾಕವ್ವ, ಕರಾವಳಿಯ ಗುಲಾಬಿ, ಮಂಡ್ಯದ ಮಾತಿನ ಪುಟ್ಟಕ್ಕ, ಮೂವರೂ ತಮ್ಮ ದುಡಿಮೆಯಿಂದ ಬದುಕುವವರು, ಮೂವರಿಗೂ ಮೂರು ನಾಲಿಗೆ. ಒಬ್ಬಳೇ ನಟಿ ಈ ಮೂವರನ್ನೂ ಆಡಿದ್ದಾರೆ ಎಂಬುದನ್ನು ಆ ಪೋಸ್ಟರ್ ಹೇಳಬೇಕಾಗಿತ್ತು.

ಯಾದಗಿರಿ ಮಾಮಾ: ರಾಜಕೀಯವನ್ನು ನೀವು ಯಾರೂ ಮುಟ್ಟಲಿಲ್ಲ. 2013ರಲ್ಲಿ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಖಾತೆಯನ್ನೇ ನೋಡಿಕೊಂಡವರಲ್ಲವೆ?

ದೊಡ್ಡಪ್ಪ: ಹೌದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯೂ ಅವರಲ್ಲಿತ್ತು, 2018ರಲ್ಲಿ ಸೋತರು, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅದರ ಚರ್ಚೆ ಇಲ್ಲಿ ಬೇಡ, ಗುಂಪು ಒಡೆಯುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅಧಿಕಾರ ಕಂಡ ಮೇಲೆ, ಮನೆಮನೆಯಲ್ಲೂ ಪುಟ್ಟಕ್ಕ ಎಂದು ಕರೆಸಿಕೊಂಡ ಮೇಲೆ, ಆಕೆ ಮತ್ತೆ ರಂಗದ ಮೇಲೆ ಒಬ್ಬರೇ ನಿಂತರು. ಬೇಲೂರು ರಘುನಂದನ್ ಬರೆದು ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕ. ರಾಜನ ಮಗಳಾಗಿ ಹುಟ್ಟಿ ದೇವಯಾನಿಗೆ ದಾಸಿಯಾದವಳ ಕತೆ, ತನ್ನ ಮಗ ಪುರು ತಂದೆಗೆ ಯೌವನ ಕೊಟ್ಟು ಮುಪ್ಪು ಪಡೆದದ್ದನ್ನು ಕಂಡ ತಾಯಿಯ ಕತೆ. ಏಕವ್ಯಕ್ತಿ ಎಂದರೆ ಮಾತು ಮರೆತರೆ ಎತ್ತಿಕೊಡಲು ಎದುರು ಪಾತ್ರವಿಲ್ಲ, ಉಸಿರು ತೆಗೆದುಕೊಳ್ಳಲು ಪಕ್ಕಕ್ಕೆ ಸರಿಯುವಂತಿಲ್ಲ. ಆ ವಯಸ್ಸಿನಲ್ಲಿ ಅದು ಯಾರ ಒತ್ತಾಯಕ್ಕೂ ಮಾಡುವ ಕೆಲಸವಲ್ಲ. ಕಿರುತೆರೆಯೇ ಕೊನೆಯ ಮೆಟ್ಟಿಲಾಗಿದ್ದರೆ ಮರಳಿ ಅಲ್ಲಿಗೆ ಏಕೆ ಬರುತ್ತಿದ್ದರು?

ಬೀದರ್ ಅತ್ತೆ: ಪುಟ್ಟಕ್ಕನನ್ನು ನೋಡಿದವರು ಆ ನಾಟಕಕ್ಕೂ ಹೋಗಿರುತ್ತಾರೆ ಅಣ್ಣ. ಟಿವಿ ನಾಟಕಕ್ಕೆ ಪ್ರೇಕ್ಷಕರನ್ನು ಕಳುಹಿಸಿದ್ದೂ ಲೆಕ್ಕಕ್ಕೆ ಬರಲಿ. ‘ಶರ್ಮಿಷ್ಠೆ’ ಕಲಬುರಗಿಯ ಪಂಡಿತ್ ರಂಗಮಂದಿರಕ್ಕೆ ಬಂದರೆ ನನಗೂ ಒಂದು ಟಿಕೆಟ್ ತೆಗೆಸು, ಬೀದರಿನಿಂದ ನಾನೇ ಬರುತ್ತೇನೆ.

ತಮ್ಮ: ನಾನು ಪರಿಚಯವನ್ನು ಹೀಗೆ ತಿದ್ದಿದ್ದೇನೆ, ನೋಡಿ ಹೇಳಿ: “ಸಿಜಿಕೆ ನಿರ್ದೇಶನದ ‘ಒಡಲಾಳ’ ನಾಟಕದ ಸಾಕವ್ವ. 1984ರ ‘ಅನುಭವ’ದ ನಂತರ ಎರಡು ದಶಕ ಕನ್ನಡ ಚಿತ್ರರಂಗದ ಹಾಸ್ಯನಟಿ. ‘ಗುಲಾಬಿ ಟಾಕೀಸು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ. 2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ. ‘ಶರ್ಮಿಷ್ಠೆ’ಯ ಮೂಲಕ ಮತ್ತೆ ರಂಗದ ಮೇಲೆ.” ಸಾಕವ್ವನನ್ನು ಕಂಡವರ ಮಾತೆಂದು ದೊಡ್ಡಪ್ಪನ ಆ ಹುಂಜದ ದೃಶ್ಯವನ್ನೂ ಕೆಳಗೆ ಸೇರಿಸುತ್ತೇನೆ. ವಿಡಿಯೋ ಇಲ್ಲದಿದ್ದರೆ ಅದಾದರೂ ಇರಲಿ.

ಯಾದಗಿರಿ ಮಾಮಾ: ಎರಡನೆಯ ಸಾಲನ್ನು ನಾನಾಗಿದ್ದರೆ ಬರೆಯುತ್ತಿರಲಿಲ್ಲ. ಈಗಲೂ ಅದೇ ನನ್ನ ಅಭಿಪ್ರಾಯ.

ದೊಡ್ಡಪ್ಪ: ಆ ಸಾಲು ಇರಲಿ ತಮ್ಮಾ. ದೇವನೂರರ ಹೆಸರು ಬಿಟ್ಟಿದ್ದೀ, ಅದನ್ನು ಮಾತ್ರ ಸೇರಿಸಿ ಕಳುಹಿಸು.