ಪದ ಬೇಕು (ತುರ್ತು): ಬಸುರಿಯರ ಹರ್ಪಿಸ್ ಮಾತ್ರೆಗೆ ಏನನ್ನೋಣ?

ಗೆಳೆಯರೆ,
ಬಸುರಿಯರ ತಪಾಸಣೆಗೆ ಬಂದವರ ಕೈಗೆ ಕೊಡುವ ಒಂದು ಹಾಳೆಯ ಕರಪತ್ರ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಒಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಕರಡಿನಲ್ಲಿ ಇರುವುದು: "ಜನನಾಂಗದ ಸರ್ಪಸುತ್ತಿಗೆ 36ನೇ ವಾರದಿಂದ ನಿಗ್ರಹಾತ್ಮಕ ವೈರಾಣು ನಿರೋಧಕ ಚಿಕಿತ್ಸೆ." ಇದನ್ನು ಓದಿ ಯಾರಿಗೆ ಏನು ತಿಳಿಯುತ್ತದೆ? ವಿಷಯ ಇಷ್ಟೇ. ಮೊದಲೇ ಜನನಾಂಗದ ಹರ್ಪಿಸ್ (ಗುಳ್ಳೆ ಏಳಿಸುವ ವೈರಸ್ ಸೋಂಕು) ಇರುವವರಿಗೆ ಹೆರಿಗೆ ಹೊತ್ತಿಗೆ ಗುಳ್ಳೆ ಏಳದಿರಲಿ ಅಂತ ಅಸೈಕ್ಲೋವಿರ್ 400 ಮಿ.ಗ್ರಾಂ. ಮಾತ್ರೆ, ದಿನಕ್ಕೆ 3 ಸಲ. ಹೆರಿಗೆ ನೋವು ಶುರುವಾದಾಗ ಗುಳ್ಳೆ ಇದ್ದರೆ, ಮಗುವಿಗೆ ತಗುಲದ ಹಾಗೆ ಸಿಸೇರಿಯನ್ ಮಾಡುತ್ತಾರೆ. ಮಾತ್ರೆಯಿಂದ ವೈರಸ್ ಮೈಬಿಟ್ಟು ಹೋಗುವುದಿಲ್ಲ, ನರದಲ್ಲಿ ಅಡಗಿಯೇ ಇರುತ್ತದೆ. ಇದಕ್ಕೆ ಯಾವ ಮಾತು?

ಉತ್ತರ 1:
ಸರ್ಪವನ್ನು ಬಿಡಬೇಡಿ. ಹರ್ಪಿಸ್ ಬಂದದ್ದು ಗ್ರೀಕಿನ ‘ಹೆರ್ಪೈನ್’ನಿಂದ, ಅಂದರೆ ತೆವಳು. ಸರ್ಪದ ಬೇರಾದ ಸಂಸ್ಕೃತದ ‘ಸೃಪ್’ ಅದರ ಒಡಹುಟ್ಟು. ನಮ್ಮಲ್ಲಿ ಪಾಲು ಹಾಲಾದ ಹಾಗೆ ಅಲ್ಲಿ ಸಕಾರ ಹಕಾರವಾಗಿದೆ. ಇಷ್ಟು ಹಳೆಯ ನೆಂಟಸ್ತಿಕೆ ಇರುವಾಗ ‘ಹರ್ಪಿಸ್’ ಅಂತ ಬರೆಯುವುದು ಸೋಮಾರಿತನ.

ಉತ್ತರ 2:
ಬೇರು ಸರಿ, ಕಾಯಿಲೆ ತಪ್ಪು. ಸರ್ಪಸುತ್ತು ಬರುವುದು ಸೀತಾಳೆ ಸಿಡುಬಿನ ವೈರಸ್ಸಿನಿಂದ. ಇದು ಬೇರೆ. ನಮ್ಮ ಚಿಕ್ಕಮ್ಮನಿಗೆ ಸೊಂಟದಲ್ಲಿ ಸರ್ಪಸುತ್ತು ಎದ್ದಿತ್ತು. ತಲೆ ಬಾಲ ಕೂಡಿದರೆ ಜೀವ ಉಳಿಯಲ್ಲ ಅಂತ ಅಜ್ಜಿ ಜಾಜು ಕಲಸಿ, ಗುಳ್ಳೆಸಾಲಿನ ಎರಡೂ ತುದಿಗೆ ಬೆರಳಿನಲ್ಲಿ ಗೆರೆ ಎಳೆದಿದ್ದರು. ಬಸುರಿಯ ಕೈಗೆ ಈ ಹೆಸರು ಕೊಟ್ಟರೆ ಮನೆಯವರು ನಾಗದೋಷ ಅಂತ ಹೊರಡುತ್ತಾರೆ. ಮಾತ್ರೆ ಪೊಟ್ಟಣದಲ್ಲೇ ಉಳಿಯುತ್ತದೆ. ಹರ್ಪಿಸ್ ಅಂತಲೇ ಬರೆಯಿರಿ.

ಉತ್ತರ 3:
‘ವೈರಾಣು’ವೇ ಕಲಬೆರಕೆ. ಲ್ಯಾಟಿನ್ನಿನಲ್ಲಿ ವೈರಸ್ ಅಂದರೆ ನಂಜು. ‘ನಂಜುತಡೆ ಮದ್ದು’ ಅನ್ನಿ, ಮುಗಿಯಿತು. ಕಂಡಿದ್ದೆಲ್ಲ ಸಾಲ ತಂದರೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಕೇಳಿದವಳ ಉತ್ತರ:
ಸರ್, ನಂಜು ನನಗೂ ಇಷ್ಟದ ಮಾತು. ಆದರೆ ಅದು ಈ ಮನೆಯಲ್ಲಿ ಈಗಾಗಲೇ ಬೇರೆ ಕೆಲಸದಲ್ಲಿದೆ. ಬಾಣಂತಿಗೆ ಬದನೆಕಾಯಿ ನಂಜು ಅಂತೀವಿ, ಅಲ್ವಾ? ‘ಬಾಣಂತಿ ನಂಜು’ ಅಂತ ಬೇರೆಯೇ ಕಾಯಿಲೆ ಇದೆ. ನಂಜುತಡೆ ಅಂದರೆ ಪಥ್ಯ ಅಂದುಕೊಳ್ಳುತ್ತಾರೆ. ಕೊರೊನಾ ಬಂದು ಹೋದಮೇಲೆ ವೈರಸ್ ಗೊತ್ತಿಲ್ಲದವರು ಯಾರಿದ್ದಾರೆ? ಆ ಸಾಲ ತೀರಿದೆ, ಅದು ಈಗ ನಮ್ಮದೇ.

‘ನಿರೋಧಕ’ವನ್ನೂ ತೆಗೆದೆ. ಕರಡು ನೋಡಿದ ನರ್ಸ್, "ಇದು ನಿರೋಧ್ ವಿಷಯಾನಾ ಅಂತ ಕೇಳ್ತಾರೆ ಮೇಡಂ" ಅಂದರು. ‘ನಿಗ್ರಹ’ಕ್ಕೆ ‘ಹತ್ತಿಕ್ಕು’ ಯೋಚಿಸಿದೆ, ಅದು ಚಳವಳಿ ಸುದ್ದಿಯ ಮಾತು. ಕೊನೆಗೆ ಕೈಹಿಡಿದಿದ್ದು ‘ಏಳು’. ಗುಳ್ಳೆ ಏಳುತ್ತದೆ, ಬೊಬ್ಬೆ ಏಳುತ್ತದೆ. ಹೊಸ ಪದವೇ ಬೇಕಿರಲಿಲ್ಲ, ಕ್ರಿಯಾಪದ ಸಾಕಿತ್ತು:

"ಜನನಾಂಗದ ಹರ್ಪಿಸ್ ಇದ್ದವರಿಗೆ ಗುಳ್ಳೆ ಮತ್ತೆ ಏಳದಂತೆ 36ನೇ ವಾರದಿಂದ ಹೆರಿಗೆಯವರೆಗೆ ವೈರಸ್ ತಡೆ ಮಾತ್ರೆ. ನೋವು ಶುರುವಾದಾಗ ಅಲ್ಲಿ ಉರಿ, ಗುಳ್ಳೆ ಇದ್ದರೆ ತಕ್ಷಣ ಹೇಳಿ."

ಉತ್ತರ 3:
ಮಾತ್ರೆಯೂ ಸಂಸ್ಕೃತವೇ. ಗುಳಿಗೆ ಅನ್ನಬಹುದಿತ್ತು.

ಉತ್ತರ 2:
ಗುಳಿಗೆಯೂ ಸಂಸ್ಕೃತದ ‘ಗುಲಿಕಾ’ದಿಂದಲೇ ಬಂದಿದ್ದು. ಸುಮ್ನೆ ಬಿಡಿ.

ಕೇಳಿದವಳ ಉತ್ತರ:
ಮಾತ್ರೆಯೇ ಇರಲಿ. ವಾರದ ಲೆಕ್ಕವೇ ಜಾಸ್ತಿ ಕಾಡಿತು. ಮನೆಯಲ್ಲಿ ಎಣಿಸುವುದು ತಿಂಗಳು. ‘ಒಂಬತ್ತಕ್ಕೆ ಬಿದ್ದಮೇಲೆ’ ಅಂದರೆ ಒಬ್ಬೊಬ್ಬರಿಗೆ ಒಂದೊಂದು ತಾರೀಖು. ಅದಕ್ಕೆ ‘36ನೇ ವಾರ’ದ ಮುಂದೆ ಖಾಲಿ ಗೆರೆ ಬಿಟ್ಟಿದ್ದೇನೆ. ತಾಯಿ ಕಾರ್ಡ್ ನೋಡಿ ನರ್ಸ್ ತಾರೀಖು ತುಂಬುತ್ತಾರೆ.