ಗಂಡಸಿನ ‘ಸ್ಕರ್ಟ್’ಗೆ ಕನ್ನಡದಲ್ಲಿ ಏನೆನ್ನೋಣ? ‘ಲಂಗ’ ಒಪ್ಪುವುದೇ?

ಮಾನ್ಯರೇ,

ಗಂಡಸರು ದಿನನಿತ್ಯದ ಉಡುಪಾಗಿ ಸ್ಕರ್ಟ್ ಹಾಕಿಕೊಳ್ಳುವುದನ್ನು ಬೇರೆ ಬೇರೆ ಸಮಾಜಗಳು ಎಷ್ಟರಮಟ್ಟಿಗೆ ಒಪ್ಪಿವೆ ಎಂಬುದನ್ನು ಕುರಿತು ಒಂದು ಬರೆಹ ಸಿದ್ಧಪಡಿಸುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ತೊಡಕು ಎದುರಾಯಿತು. ‘ಲಂಗ ತೊಟ್ಟ ಗಂಡಸರು’ ಎಂದು ಬರೆದು ಮನೆಯವರ ಮುಂದೆ ಓದಿದಾಗ ಕೇಳಿದವರೆಲ್ಲ ನಕ್ಕರು. ನಗಿಸುವ ಉದ್ದೇಶ ನನಗಿರಲಿಲ್ಲ. ವಾಕ್ಯದಲ್ಲಿ ನಗುವಂಥದ್ದೇನಾದರೂ ಇದ್ದರೆ ಅದು ‘ಲಂಗ’ ಎಂಬ ಪದವೊಂದೇ. ನಕ್ಕವರಲ್ಲಿ ಇಬ್ಬರು ಆ ಹೊತ್ತಿನಲ್ಲಿ ಲುಂಗಿಯಲ್ಲಿ ಕುಳಿತಿದ್ದರು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಕಾಲುಗಳನ್ನು ಬೇರೆ ಬೇರೆಯಾಗಿ ಹಿಡಿಯದೆ ನಡುವಿನಿಂದ ಕೆಳಗಿಳಿಯುವ ಒಂದೇ ಸುತ್ತಿನ ಬಟ್ಟೆ ಎಂದು ಸ್ಕರ್ಟನ್ನು ವಿವರಿಸುವುದಾದರೆ, ಅಡ್ಡಪಂಚೆಗೂ ಲುಂಗಿಗೂ ಆ ವಿವರಣೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ಹಾಗಿದ್ದೂ ಒಂದನ್ನು ಕಂಡು ನಗು, ಇನ್ನೊಂದನ್ನು ಉಟ್ಟು ಆರಾಮ. ಈ ಗಡಿಯನ್ನು ನಮ್ಮ ನುಡಿ ಎಲ್ಲಿ ಎಳೆದಿದೆ ಎಂಬುದೇ ನನ್ನ ಪ್ರಶ್ನೆ.

ಕನ್ನಡದಲ್ಲಿ ಬಟ್ಟೆ ಧರಿಸುವ ಕೆಲಸಕ್ಕೆ ಒಂದೇ ಕ್ರಿಯಾಪದವಿಲ್ಲ. ನಡುವಿಗೆ ಸುತ್ತುವುದನ್ನು ಉಡುತ್ತೇವೆ, ಮೈಗೆ ಏರಿಸುವುದನ್ನು ತೊಡುತ್ತೇವೆ, ಮೇಲೆ ಹರಡಿಕೊಳ್ಳುವುದನ್ನು ಹೊದೆಯುತ್ತೇವೆ. ‘ಉಡುಗೆ ತೊಡುಗೆ’ ಎಂಬ ಜೋಡುನುಡಿ ಬರಿಯ ಪ್ರಾಸಕ್ಕಾಗಿ ಹುಟ್ಟಿದ್ದಲ್ಲ. ಸೀರೆ, ಪಂಚೆ, ಧೋತ್ರಗಳನ್ನು ಉಡುವುದು; ಅಂಗಿ, ಕುಪ್ಪಸ, ಬಳೆ, ಉಂಗುರಗಳನ್ನು ತೊಡುವುದು; ಹೊಸದಾಗಿ ಬಂದ ಪ್ಯಾಂಟು, ಚಡ್ಡಿ, ಕೋಟುಗಳನ್ನು ಆಡುಮಾತಿನಲ್ಲಿ ಸುಮ್ಮನೆ ಹಾಕಿಕೊಳ್ಳುವುದು. ಗಮನಿಸಬೇಕಾದ ಸಂಗತಿಯೆಂದರೆ, ಗಂಡು ಹೆಣ್ಣಿನ ಭೇದ ಈ ಕ್ರಿಯಾಪದಗಳಿಗೆ ತಾಗಿಲ್ಲ. ಸೀರೆಯನ್ನೂ ಪಂಚೆಯನ್ನೂ ‘ಉಡು’ ಒಂದೇ ಸಮನಾಗಿ ಆಳುತ್ತದೆ. ಹೆಣ್ಣುಮಕ್ಕಳಿಗೆ ತುಂಬುವ ಉಡಿಯೂ ಹೆಚ್ಚಾಗಿ ಗಂಡುಮಕ್ಕಳಿಗೆ ಕಟ್ಟುವ ಉಡುದಾರವೂ ಒಂದೇ ನಡುವಿನ ಸುತ್ತ ಇರುವ ಪದಗಳು.

ಹಾಗಾದರೆ ಹೊಲಿಗೆಯೇ ಗಡಿಯಿರಬಹುದು, ಹೊಲಿದದ್ದು ಲಂಗ, ಹೊಲಿಯದ್ದು ಪಂಚೆ ಎಂದು ಮೊದಲು ಊಹಿಸಿದ್ದೆ. ಆ ಊಹೆಯನ್ನು ಲುಂಗಿಯೇ ಕೆಡಿಸಿತು. ಎರಡು ಅಂಚುಗಳನ್ನು ಸೇರಿಸಿ ಕೊಳವೆಯಂತೆ ಹೊಲಿದ ಲುಂಗಿ ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಅದನ್ನೂ ನಾವು ಉಡುತ್ತೇವೆ ಅಥವಾ ಕಟ್ಟುತ್ತೇವೆ. ಇನ್ನು ಲಾಡಿಯೇ ಗುರುತು ಎನ್ನೋಣವೆಂದರೆ ಗಂಡಸರ ಪೈಜಾಮಕ್ಕೂ ಪಟ್ಟಾಪಟ್ಟಿ ಚಡ್ಡಿಗೂ ಲಾಡಿಯಿದೆ. ಆಕಾರ, ಹೊಲಿಗೆ, ಲಾಡಿ ಇವು ಯಾವುವೂ ಗಡಿಯಲ್ಲವೆಂದ ಮೇಲೆ ಉಳಿಯುವುದು ಹೆಸರೊಂದೇ.

ಹೆಸರೊಂದೇ ಇಷ್ಟು ಕೆಲಸ ಮಾಡಬಲ್ಲದೇ ಎಂಬ ಅನುಮಾನಕ್ಕೆ ಮ್ಯಾನ್ಮಾರ್ ಉತ್ತರ ಕೊಡುತ್ತದೆ. ಅಲ್ಲಿ ಗಂಡಸರೂ ಹೆಂಗಸರೂ ದಿನವೂ ಉಡುವುದು ಲೋಂಜಿ ಎಂಬ, ಕೊಳವೆಯಂತೆ ಹೊಲಿದ ಬಟ್ಟೆಯನ್ನೇ. ನಮ್ಮ ಲುಂಗಿಯ ನೆಂಟ ಪದವದು. ಗಂಡಸು ಉಟ್ಟಾಗ ಅದು ಪಸೊ, ಗಂಟು ಮುಂದುಗಡೆ. ಹೆಂಗಸು ಉಟ್ಟಾಗ ತಮೇನ್, ತುದಿಯನ್ನು ಪಕ್ಕಕ್ಕೆ ಸಿಕ್ಕಿಸುವುದು. ಹೆಂಗಸಿನ ತಮೇನಿನ ಕೆಳಗೆ ನಡೆದುಹೋದ ಗಂಡಸಿನ ಮಹಿಮೆ ಕುಗ್ಗುತ್ತದೆ ಎಂಬ ನಂಬಿಕೆ ಅಲ್ಲಿ ಎಷ್ಟು ಬಲವಾಗಿದೆಯೆಂದರೆ, 2021ರಲ್ಲಿ ಸೇನಾಡಳಿತವನ್ನು ವಿರೋಧಿಸಿದ ಹೆಂಗಸರು ಬೀದಿಗಡ್ಡವಾಗಿ ಹಗ್ಗ ಕಟ್ಟಿ ತಮೇನುಗಳನ್ನು ನೇತುಹಾಕಿದರು, ಸೈನಿಕರು ಅದರಡಿ ದಾಟಲು ಹಿಂಜರಿಯುವರೆಂದು. ದಾಟಲು ಹಿಂಜರಿದ ಸೈನಿಕನೂ ಮನೆಯಲ್ಲಿ ಉಡುವುದು ಅದೇ ಅಳತೆಯ ಪಸೊವನ್ನೇ.

ಇಂಗ್ಲಿಷಿನ ಕಥೆಯೂ ಇದಕ್ಕಿಂತ ದೂರದ್ದಲ್ಲ. ‘ಶರ್ಟ್’ ಮತ್ತು ‘ಸ್ಕರ್ಟ್’ ಒಂದೇ ಜರ್ಮಾನಿಕ್ ಮೂಲದಿಂದ ಹೊರಟ ಅವಳಿ ಪದಗಳು. ಮೊದಲನೆಯದು ಹಳೆಯ ಇಂಗ್ಲಿಷಿನಲ್ಲಿ ಉಳಿದುಬಂದದ್ದು, ಎರಡನೆಯದು ಸ್ಕ್ಯಾಂಡಿನೇವಿಯಾದ ನಾರ್ಸ್ ಭಾಷೆಯಿಂದ ಬಂದದ್ದು. ನಾರ್ಸಿನಲ್ಲಿ ಅದರ ಅರ್ಥ ಅಂಗಿಯೇ ಆಗಿತ್ತು. ಮುಂದೆ ಒಂದು ಗಂಡಸಿನ ಮೈಮೇಲೆ ಉಳಿಯಿತು, ಇನ್ನೊಂದು ಕೆಳಗಿಳಿದು ಹೆಂಗಸಿನ ಪಾಲಾಯಿತು. ಸ್ಕಾಟ್ಲೆಂಡಿನ ಗಂಡಸರು ನಡುವಿಗೆ ಸುತ್ತಿಕೊಳ್ಳುವ, ಮೊಣಕಾಲುದ್ದದ ‘ಕಿಲ್ಟ್’ ಎಂಬುದರ ಹೆಸರು ಮೊದಲಿಗೆ ಕ್ರಿಯಾಪದ. ಬಟ್ಟೆಯನ್ನು ಮೇಲೆತ್ತಿ ನಡುವಿಗೆ ಸಿಕ್ಕಿಸು ಎಂಬುದು ಅದರ ಅರ್ಥ, ಎಂದರೆ ಗದ್ದೆಗಿಳಿಯುವ ಮುನ್ನ ನಮ್ಮವರು ಪಂಚೆಗೆ ಮಾಡುವ ಕೆಲಸವೇ. (ನಮ್ಮ ‘ಎತ್ತಿಕಟ್ಟು’ ಅದಕ್ಕೆ ಸರಿಸಾಟಿಯಾದ ಪದವಾಗುತ್ತಿತ್ತು, ಆದರೆ ಅದನ್ನು ನಾವು ಒಬ್ಬರ ಮೇಲೊಬ್ಬರನ್ನು ಛೂಬಿಡುವುದಕ್ಕೂ ಬಳಸಿಕೊಂಡುಬಿಟ್ಟಿದ್ದೇವೆ.) ಕಿಲ್ಟ್ ಉಟ್ಟವನೆದುರು ಅದನ್ನು ಸ್ಕರ್ಟ್ ಎಂದರೆ ಅವನಿಗೆ ಸರಿಬರುವುದಿಲ್ಲ. 1746ರ ಕಾನೂನು ಆ ಉಡುಪನ್ನು ನಿಷೇಧಿಸಿ, ಮೊದಲ ತಪ್ಪಿಗೆ ಆರು ತಿಂಗಳ ಸೆರೆವಾಸವನ್ನೂ ಎರಡನೆಯದಕ್ಕೆ ಏಳು ವರ್ಷದ ಗಡೀಪಾರನ್ನೂ ವಿಧಿಸಿತ್ತು. 1782ರಲ್ಲಿ ಕಾನೂನು ರದ್ದಾಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ತಾನೇ ಕಿಲ್ಟ್ ಧರಿಸಿದ. ಆದರೆ ಇಂದು ಅದು ಮದುವೆ, ಮೆರವಣಿಗೆಗಳ ಉಡುಪು. ನಿತ್ಯದ ಒಪ್ಪಿಗೆಯ ಉದಾಹರಣೆಯಾಗಿ ಕಿಲ್ಟನ್ನು ಮುಂದಿಡುವವರು ಹಬ್ಬದ ಬಟ್ಟೆಯನ್ನು ತೋರಿಸುತ್ತಿದ್ದಾರೆ. ನಿತ್ಯದ ಬಟ್ಟೆ ಬೇಕೆಂದರೆ ಫಿಜಿಯ ಸುಲು ಎಂಬ ಲುಂಗಿಯಂಥ ಉಡುಪನ್ನು ನೋಡಬೇಕು. ದರ್ಜಿ ಹೊಲಿದ, ಜೇಬುಗಳುಳ್ಳ ಆ ಉಡುಪಿನಲ್ಲಿ ಗಂಡಸರು ಕಚೇರಿಗೂ ಚರ್ಚಿಗೂ ಹೋಗುತ್ತಾರೆ, ಪೊಲೀಸರ ಸಮವಸ್ತ್ರದಲ್ಲೂ ಅದಕ್ಕೆ ಜಾಗವಿದೆ.

2017ರ ಜೂನ್ ತಿಂಗಳ ಬಿಸಿಲಿನಲ್ಲಿ ಫ್ರಾನ್ಸಿನ ನಾಂತ್ ನಗರದ ಬಸ್ ಚಾಲಕರೂ ಇಂಗ್ಲೆಂಡಿನ ಎಕ್ಸೆಟರ್‌ನ ಶಾಲಾ ಹುಡುಗರೂ ಸ್ಕರ್ಟ್ ಹಾಕಿಕೊಂಡು ಬಂದ ಸುದ್ದಿಯನ್ನು ಒಪ್ಪಿಗೆಯ ಲಕ್ಷಣವೆಂದು ಬರೆಯುವುದುಂಟು. ನನಗೆ ಹಾಗೆ ತೋರುವುದಿಲ್ಲ. ಅವರು ಕೇಳಿದ್ದು ಮೊಣಕಾಲುದ್ದದ ಚಡ್ಡಿ ಹಾಕಿಕೊಳ್ಳಲು ಅನುಮತಿಯನ್ನು. ಸ್ಕರ್ಟ್ ಅಲ್ಲಿ ಬಟ್ಟೆಯಾಗಿರಲಿಲ್ಲ, ಮನವಿ ಪತ್ರವಾಗಿತ್ತು. ಗಂಡಸು ಹಾಕಿದರೆ ಜನ ತಿರುಗಿ ನೋಡುತ್ತಾರೆ ಎಂಬ ಭರವಸೆಯಿದ್ದುದರಿಂದಲೇ ಅದು ಮನವಿಯಾಗಿ ಫಲಿಸಿತು.

ನಮ್ಮ ನುಡಿಯೊಳಗೇ ಇರುವ ಒಂದು ಓರೆಯನ್ನು ಇಲ್ಲಿ ಹೇಳಲೇಬೇಕು. ಹೆಂಗಸು ಸೀರೆಯನ್ನು ಹಿಂದಕ್ಕೆ ಸಿಕ್ಕಿಸಿ ಉಟ್ಟರೆ ಅದಕ್ಕೆ ‘ಗಂಡುಗಚ್ಚೆ’ ಎಂಬ ಹೆಸರಿದೆ. ಕುದುರೆಯೇರಿದ ರಾಣಿಯರ ವರ್ಣನೆಯಲ್ಲಿ ಆ ಪದ ಬಂದಾಗ ಕೇಳುವವರ ಎದೆ ಉಬ್ಬುತ್ತದೆ. ಇದಕ್ಕೆದುರಾದ ಪದ, ಹೆಣ್ಣಿನ ರೀತಿಯಲ್ಲಿ ಬಟ್ಟೆ ಉಟ್ಟ ಗಂಡಸನ್ನು ಗೌರವದಿಂದ ಹೇಳುವ ಪದ, ನನಗೆ ಎಲ್ಲೂ ಸಿಕ್ಕಿಲ್ಲ. ಸಿಕ್ಕಿದ್ದು ‘ಕೈಗೆ ಬಳೆ ತೊಟ್ಟುಕೊಂಡಿದ್ದೀಯಾ’, ‘ಸೀರೆ ಉಟ್ಟುಕೊಂಡು ಮನೆಯಲ್ಲಿರು’ ಎಂಬ ಬೈಗುಳಗಳು ಮಾತ್ರ. ಯಕ್ಷಗಾನದಲ್ಲೂ ಕಂಪನಿ ನಾಟಕದಲ್ಲೂ ಗಂಡಸರು ಸೀರೆಯುಟ್ಟು ಮೆಚ್ಚುಗೆ ಪಡೆದದ್ದು ನಿಜ, ಆದರೆ ಅಲ್ಲಿ ಅದನ್ನು ‘ಸ್ತ್ರೀವೇಷ’ ಎನ್ನುತ್ತೇವೆ. ರಂಗದಿಂದ ಇಳಿದ ಮೇಲೂ ಉಳಿಯಬಲ್ಲ ಹೆಸರು ಅದಲ್ಲ. ‘ಲಂಗ’ ಎಂಬ ಅನುವಾದ ಕೆಡುವುದು ಈ ಕಾರಣಕ್ಕೆ. ಓದುಗ ಬಟ್ಟೆಯನ್ನು ಕಾಣುವ ಮೊದಲೇ ಬೈಗುಳವನ್ನು ಕೇಳಿಸಿಕೊಳ್ಳುತ್ತಾನೆ.

ಪಂಚೆಗೆ ನಮ್ಮಲ್ಲಿ ಪೂರ್ತಿ ಮರ್ಯಾದೆಯಿದೆ ಎಂದುಕೊಳ್ಳುವುದೂ ಬೇಡ. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ (ತಮಿಳರ ಪಂಚೆ) ಉಟ್ಟ ಹೈಕೋರ್ಟ್ ನ್ಯಾಯಾಧೀಶರೊಬ್ಬರಿಗೆ ಪ್ರವೇಶ ನಿರಾಕರಿಸಿದ ಮೇಲೆ ತಮಿಳುನಾಡು ಅಂಥ ನಿರ್ಬಂಧದ ವಿರುದ್ಧ ಕಾನೂನನ್ನೇ ತರಬೇಕಾಯಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದು ಪಂಚೆಯುಟ್ಟ ರೈತರೊಬ್ಬರನ್ನು ಒಳಗೆ ಬಿಡದೆ ಸರ್ಕಾರದಿಂದ ಏಳು ದಿನ ಬಾಗಿಲು ಹಾಕಿಸಿಕೊಂಡಿತು. ಈ ಎರಡು ಪ್ರಸಂಗಗಳಲ್ಲಿ ಅಡ್ಡಿಯಾದದ್ದು ಗಂಡು ಹೆಣ್ಣಿನ ಭೇದವಲ್ಲ, ಪ್ಯಾಂಟೇ ಸಭ್ಯ ಎಂಬ ಎಣಿಕೆ. ಆದ್ದರಿಂದ ಇವನ್ನು ಮೇಲಿನ ವಿಷಯದೊಂದಿಗೆ ಬೆರೆಸಬಾರದು. ಆದರೂ ‘ಪುರುಷರ ಪಂಚೆಯಂಥ ಉಡುಪು’ ಎಂದು ಅನುವಾದಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಇವು ನೆನಪಿರಲಿ.

ಸದ್ಯಕ್ಕೆ ನನ್ನ ಒಲವು ಹೀಗಿದೆ. ಸುತ್ತಿ ಕಟ್ಟುವ ಬಟ್ಟೆಗೆ, ಅದು ಯಾವ ದೇಶದ್ದಾದರೂ, ‘ಉಡು’ ಎಂಬ ಕ್ರಿಯಾಪದವನ್ನು ಬಳಸಿ ಹೆಸರನ್ನು ಆಯಾ ಊರಿನದನ್ನೇ ಉಳಿಸಿಕೊಳ್ಳುವುದು: ಪಸೊ ಉಟ್ಟ, ಕಿಲ್ಟ್ ಉಟ್ಟ. ಕೊಕ್ಕೆ, ಜಿಪ್ಪು, ಎಲಾಸ್ಟಿಕ್ಕು ಇರುವುದಕ್ಕೆ ‘ಸ್ಕರ್ಟ್ ಹಾಕಿಕೊಂಡ’ ಎಂದೇ ಬರೆಯುವುದು. ‘ಲಂಗ’ವನ್ನು ಹುಡುಗಿಯರ ಲಂಗ ದಾವಣಿಗೆ ಬಿಟ್ಟುಕೊಡುವುದು. ಕ್ರಿಯಾಪದಕ್ಕೆ ಲಿಂಗವಿಲ್ಲದ್ದರಿಂದ, ಹೆಸರು ಎಬ್ಬಿಸುವ ನಗುವನ್ನು ಅದು ಸ್ವಲ್ಪವಾದರೂ ತಡೆಯುತ್ತದೆ.

ಬಲ್ಲವರಿಂದ ತಿಳಿಯಬೇಕಾದ ಎರಡು ಸಂಗತಿಗಳಿವೆ. ಲಂಗಕ್ಕೆ ಧಾರವಾಡದ ಕಡೆ ‘ಪರಕರ’ ಎನ್ನುತ್ತಾರೆ; ಅದನ್ನು ಅಲ್ಲಿ ಉಡುತ್ತಾರೆಯೇ, ಹಾಕಿಕೊಳ್ಳುತ್ತಾರೆಯೇ? ಹಳೆಯ ಮೈಸೂರಿನ ಹಿರಿಯರ ಬಾಯಲ್ಲಿ ‘ಲಂಗ ಉಟ್ಟುಕೋ’ ಎಂಬ ಮಾತನ್ನು ನಾನೇ ಕೇಳಿದ್ದೇನೆ, ಈಗ ಅಲ್ಲಿಯೂ ‘ಹಾಕಿಕೋ’ ಎಂಬುದೇ ಹೆಚ್ಚು. ಎರಡನೆಯದು, ಕಚ್ಚೆಯಿಲ್ಲದೆ ಉಟ್ಟ ಪಂಚೆಗೆ ‘ಅಡ್ಡಪಂಚೆ’ ಅಲ್ಲದೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದೆಯೇ, ಮತ್ತು ಆ ಹೆಸರನ್ನು ಹೆಂಗಸರ ಯಾವುದಾದರೂ ಉಡುಗೆಗೂ ಹೇಳುವುದನ್ನು ಯಾರಾದರೂ ಕೇಳಿದ್ದೀರಾ?