ಇಂಟರ್‌ನೆಟ್ ಕಂಪನಿ ಬದಲಿಸಿದರೆ ಹಳೇ ಈಮೇಲ್ ಗತಿ ಏನು? ಅನುಭವ ಇದ್ದವರು ಹೇಳಿ

ಬನಶಂಕರಿ 2ನೇ ಹಂತ (ಕೇಳಿದವರು): ನಮ್ಮ ಮನೆಗೆ 2006ರಿಂದ ಒಂದೇ ಕಂಪನಿಯ ಲೈನ್. ಈಮೇಲ್ ವಿಳಾಸವೂ ಅವರೇ ಕೊಟ್ಟದ್ದು. ಬುಧವಾರ ಬೇರೆಯವರ ಫೈಬರ್ ಬರುತ್ತಿದೆ. ಬ್ಯಾಂಕು, ಎಲ್‌ಐಸಿ, ಮಗಳ ಕಾಲೇಜು ಎಲ್ಲಾ ಹಳೇ ವಿಳಾಸದಲ್ಲೇ ಇವೆ. ಮೇಲ್ ನೋಡುವ ಔಟ್‌ಲುಕ್‌ನಲ್ಲಿ ಐಮ್ಯಾಪ್ (ಮೇಲುಗಳು ಸರ್ವರ್‌ನಲ್ಲೇ, ಅಂದರೆ ಕಂಪನಿಯ ಕಂಪ್ಯೂಟರಿನಲ್ಲೇ ಉಳಿಯುವ ಸೆಟ್ಟಿಂಗ್) ಹಾಕಿದ್ದೇನೆ. ಹಳೇ ಲೈನ್ ಯಾವಾಗ ಕಟ್ ಮಾಡಿಸಲಿ?

ಮಲ್ಲೇಶ್ವರ: ನೆನಪಿಸಬೇಡಿ, ಹೊಟ್ಟೆ ಉರಿಯುತ್ತದೆ. 2021ರಲ್ಲಿ ಲೈನ್ ಸರೆಂಡರ್ ಮಾಡಿದೆ. ಮೋಡೆಮ್ ಕೊಟ್ಟು 500 ಡೆಪಾಸಿಟ್ ವಾಪಸ್ ಬಂತು, ಖುಷಿಯಲ್ಲಿ ಬೆಣ್ಣೆ ದೋಸೆಯೂ ತಿಂದೆ. ಹನ್ನೊಂದನೇ ದಿನ ‘ಪಾಸ್‌ವರ್ಡ್ ತಪ್ಪು’ ಅಂತ ಬಂತು. ಪಾಸ್‌ವರ್ಡ್ ಸರಿಯಾಗಿಯೇ ಇತ್ತು, ಮೇಲ್‌ಬಾಕ್ಸೇ ಇರಲಿಲ್ಲ. ಫೋನಿನಲ್ಲಿ ಎಲ್ಲಾ ಇದೆ ಅಂದುಕೊಂಡಿದ್ದೆ, ಇದ್ದದ್ದು ಕೊನೆಯ ಒಂದು ತಿಂಗಳಿನದು ಮಾತ್ರ. ಮಿಕ್ಕಿದ್ದೆಲ್ಲಾ ಸರ್ವರ್‌ನಲ್ಲೇ ಹೋಯಿತು. ಷೇರು ಇಡುವ ಡಿಮ್ಯಾಟ್ ಖಾತೆಯಲ್ಲಿ ಮೇಲ್ ಬದಲಿಸಲು ಹೋದರೆ ಓಟಿಪಿ ಆ ಸತ್ತ ಮೇಲ್‌ಗೇ ಹೋಗುತ್ತದೆ! ಫಾರಂ, ಪ್ಯಾನ್ ಜೆರಾಕ್ಸ್ ಹಿಡಿದು ಎಂ.ಜಿ. ರೋಡಿನ ಅವರ ಆಫೀಸಿಗೆ ಮೂರು ಸಲ ಅಲೆದೆ. ಎರಡನೇ ಸಲ ಸಹಿ ಹೊಂದುತ್ತಿಲ್ಲ ಅಂದರು. ಆಟೋಗೆ 740, ಜೆರಾಕ್ಸಿಗೆ 36. ದೋಸೆ ಲೆಕ್ಕ ಹಿಡಿದಿಲ್ಲ.

ವಿಜಯನಗರ: ಕಟ್ ಮಾಡಿಸಲೇಬೇಡಿ ಸ್ವಾಮಿ. ನಾನು ಹಳೇ ಕಂಪನಿಯ ಎಲ್ಲಕ್ಕಿಂತ ಚಿಕ್ಕ ಪ್ಲಾನ್‌ಗೆ ಇಳಿಸಿಕೊಂಡೆ. ತಿಂಗಳಿಗೆ 399, ಜಿಎಸ್‌ಟಿ ಸೇರಿ 470 ರೂಪಾಯಿ 82 ಪೈಸೆ. ಮೂರು ವರ್ಷ ಆಯಿತು, ಒಂದು ಮೇಲೂ ತಪ್ಪಿಲ್ಲ. ಹೊಸ ಲೈನಿನಲ್ಲಿ ಹಳೇ ಮೇಲ್ ಓದಲು ಬರುತ್ತಿತ್ತು, ಕಳಿಸಲು ಹೋಗುತ್ತಿರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಮೇಲ್ ಕಳಿಸುವ ಸೆಟ್ಟಿಂಗ್‌ನಲ್ಲಿ ಪೋರ್ಟ್ (ಮೇಲ್ ಹೊರಹೋಗುವ ಬಾಗಿಲಿನ ನಂಬರ್) 25 ತೆಗೆದು 587 ಹಾಕಿದೆ, ಹೋಯಿತು.

ಜಯನಗರ 4ನೇ ಬ್ಲಾಕ್: ಮೂರು ವರ್ಷಕ್ಕೆ 16,949 ರೂಪಾಯಿ 52 ಪೈಸೆ. ಒಂದು ಈಮೇಲ್ ಐಡಿಗೆ! ಆ ದುಡ್ಡಿಗೆ ಸ್ವಂತ ಡೊಮೇನ್ (ಈಮೇಲ್‌ನಲ್ಲಿ @ ಆದಮೇಲೆ ಬರುವ ಹೆಸರು) ತಗೊಂಡಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಬರುತ್ತಿತ್ತು.

ವಿಜಯನಗರ: ದುಡ್ಡು ನನ್ನದು ಸಾರ್. ಡೊಮೇನ್ ರಿನ್ಯೂ ಮಾಡುವುದನ್ನು ಮರೆತರೆ ನಿಮ್ಮ ಮೊಮ್ಮಕ್ಕಳು ಯಾರಿಗೆ ಫೋನ್ ಮಾಡುತ್ತಾರೆ?

ಜಯನಗರ 4ನೇ ಬ್ಲಾಕ್: ಆಟೋ ರಿನ್ಯೂ ಅಂತ ಒಂದಿದೆ. ಸುಮ್ನೆ ಹೇಳುತ್ತಿಲ್ಲ, ಕೆಟ್ಟು ಬುದ್ಧಿ ಕಲಿತವನು ನಾನು. ನನ್ನದು ಪಾಪ್ ಸೆಟ್ಟಿಂಗ್ ಇತ್ತು. ಮೇಲ್ ಕಂಪ್ಯೂಟರಿಗೆ ಇಳಿಯುತ್ತಿತ್ತು, ಸರ್ವರ್‌ನಿಂದ ಅಳಿಯುತ್ತಿತ್ತು. ‘ಸರ್ವರ್‌ನಲ್ಲೂ ಒಂದು ಪ್ರತಿ ಇರಲಿ’ ಅನ್ನುವ ಟಿಕ್ ಹಾಕಿರಲಿಲ್ಲ. ಹಾರ್ಡ್ ಡಿಸ್ಕ್ ಕಟಕಟ ಅಂತ ಸದ್ದು ಮಾಡಿ ಸತ್ತಿತು. ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಒಬ್ಬ 9,000 ತಗೊಂಡು ಅರ್ಧಂಬರ್ಧ ಪಿಎಸ್‌ಟಿ ಫೈಲ್ (ಔಟ್‌ಲುಕ್ ಮೇಲುಗಳನ್ನು ತುಂಬಿಡುವ ಫೈಲ್) ಕೊಟ್ಟ. ತೆಗೆದರೆ ಬರೀ ಜಾಹೀರಾತು ಮೇಲುಗಳು. ಅಪ್ಪ ಬರೆದದ್ದು ಒಂದೂ ಸಿಗಲಿಲ್ಲ.

ಚಿಕ್ಕಪೇಟೆ: ಎಸ್.ಪಿ. ರೋಡ್ ಅಂದ ತಕ್ಷಣ ಎಲ್ಲರೂ ಕಳ್ಳರಾ? ಬ್ಯಾಕಪ್ ಇಡದವರು ನೀವು, ಬೈಗುಳ ನಮಗೆ.

ಜಯನಗರ 4ನೇ ಬ್ಲಾಕ್: ಒಬ್ಬ ಅಂದೆ. ಎಲ್ಲರೂ ಅಂದೆನಾ?

ಹೆಬ್ಬಾಳ: ಇಷ್ಟೆಲ್ಲಾ ಯಾಕೆ, ಜಿಮೇಲ್ ಮಾಡಿಕೊಳ್ಳಿ. 15 ಜಿಬಿ ಪುಕ್ಕಟೆ, ಯಾವ ಲೈನ್ ಬಂದರೂ ಹೋದರೂ ವಿಳಾಸ ಅದೇ.

ಮಲ್ಲೇಶ್ವರ: ಎರಡು ವರ್ಷ ಮುಟ್ಟದೇ ಬಿಟ್ಟರೆ ಅದನ್ನೂ ಅಳಿಸಬಹುದು ಅಂತ ಗೂಗಲ್ ನಿಯಮವಿದೆ. 2023ರಿಂದ. ನೋಡಿಕೊಳ್ಳಿ.

ಹೆಬ್ಬಾಳ: ದಿನಾ ನೋಡುವ ಮೇಲ್‌ಗೂ ಅದಕ್ಕೂ ಏನು ಸಂಬಂಧ? ಹೆದರಿಸಬೇಡಿ. ನಮಗಿರುವ ತಲೆನೋವೇ ಬೇರೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಒಂದೇ ಕಂಪನಿಯ ಕೇಬಲ್ ಒಳಗೆ ಬಿಡುತ್ತಾರೆ. ಕೇಳಿದರೆ ‘ಡಕ್ಟ್‌ನಲ್ಲಿ (ಕೇಬಲ್ ಹೋಗುವ ಕಿಂಡಿ) ಜಾಗ ಇಲ್ಲ’ ಅಂತಾರೆ. ನಾನೇ ಟಾರ್ಚ್ ಹಿಡಿದು ನೋಡಿ ಬಂದೆ, ಬೆಕ್ಕು ಮರಿ ಹಾಕುವಷ್ಟು ಜಾಗ ಇದೆ.

ಚಿಕ್ಕಪೇಟೆ: ನಿಮಗೆ ಡಕ್ಟ್ ಆದರೂ ಇದೆ. ನಮ್ಮ ಬೀದಿ ಅಗೆದು ಎರಡು ತಿಂಗಳು, ಫೈಬರ್ ಮೂರು ಸಲ ತುಂಡಾಯಿತು.

ಬನಶಂಕರಿ 2ನೇ ಹಂತ (ಕೇಳಿದವರು): ಲೈನ್‌ಮನ್ ಬಂದು ಹೋದರು, ಹೊಸದು ಓಡುತ್ತಿದೆ. ಹಳೇದನ್ನು ಇನ್ನೂ ಕಟ್ ಮಾಡಿಸಿಲ್ಲ. ನನ್ನ ಪ್ರಶ್ನೆಗೆ ಯಾರಾದರೂ...?

ಮಲ್ಲೇಶ್ವರ: ಎರಡು ತಿಂಗಳು ಎರಡೂ ಇರಲಿ. ಮೊದಲು ಹಳೇ ಮೇಲುಗಳನ್ನು ಕಂಪ್ಯೂಟರಿನೊಳಗಿನ ಫೋಲ್ಡರಿಗೆ ಕಾಪಿ ಮಾಡಿ. ಆಮೇಲೆ ಓಟಿಪಿ ಬರುವ ಕಡೆಗಳಲ್ಲೆಲ್ಲಾ ವಿಳಾಸ ಬದಲಿಸಿ, ಡಿಮ್ಯಾಟ್ ಮೊದಲು. ಹಳೇದಕ್ಕೆ ಬಂದ ಮೇಲ್ ಹೊಸದಕ್ಕೆ ಹೋಗುವ ಹಾಗೆ ಫಾರ್ವರ್ಡ್ ಹಾಕಿ, ಆದರೆ ಲೈನ್ ಕಟ್ ಆದ ಮೇಲೆ ಅದೂ ನಿಲ್ಲಬಹುದು.

ವಿಜಯನಗರ: ಎರಡು ತಿಂಗಳು ಸಾಲದು.

ಜಯನಗರ 4ನೇ ಬ್ಲಾಕ್: ಮತ್ತೆ ಶುರು ಮಾಡಿದರು.